ಗೋವಾ ಬಾಟಲಿಯೂ ಕಿರಾಣಿ ಅಂಗಡಿಯ ಪ್ಯಾಕೆಟ್ಟೂ: ಅಬಕಾರಿ ಸುಂಕ ಸೋರುವುದು ಎಲ್ಲಿ?

ಪ್ರಶ್ನೆ: ನಾನು ಗದಗ ಜಿಲ್ಲೆ ರೋಣ ತಾಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮೂರಿನಲ್ಲಿ ಮದ್ಯದ ಅಂಗಡಿ ಇಲ್ಲ. ಆದರೂ ಎರಡು ಕಿರಾಣಿ ಅಂಗಡಿಗಳಲ್ಲಿ ಟೆಟ್ರಾ ಪ್ಯಾಕೆಟ್ಟುಗಳನ್ನು ಅದರ ಮೇಲೆ ಮುದ್ರಿಸಿದ ಬೆಲೆಗಿಂತ ಹೆಚ್ಚಿಗೆ ಮಾರುತ್ತಾರೆ. ಮದುವೆ, ಜಾತ್ರೆ ಬಂದರೆ ಗೋವಾದಿಂದ ಬಾಟಲಿಗಳು ಬರುತ್ತವೆ. ಬಿಲ್ ಇದ್ದರೆ ತಪ್ಪಿಲ್ಲ ಎಂದು ತಂದವರು ಹೇಳುತ್ತಾರೆ. ಸರ್ಕಾರ ಪ್ರತಿ ವರ್ಷ ಮದ್ಯದ ದರ ಏರಿಸುತ್ತದೆಯೇ ಹೊರತು ತೆರಿಗೆ ತಪ್ಪಿಸುವವರನ್ನು ತಡೆಯುವುದಕ್ಕೆ ನಿಜವಾಗಿ ಏನಾದರೂ ಮಾಡುತ್ತಿದೆಯೇ? ಪಂಚಾಯಿತಿಯವರಾಗಿ ನಾವು ಮಾಡಬಹುದಾದದ್ದು ಏನು?

ಉತ್ತರ: ನೀವು ಹೇಳಿದ ಎರಡೂ ಸಂಗತಿಗಳು ಕಾನೂನಿಗೆ ವಿರುದ್ಧವಾದವು. ಆದರೆ ತೆರಿಗೆಯ ದೃಷ್ಟಿಯಿಂದ ಎರಡೂ ಒಂದೇ ಅಲ್ಲ. ಗೋವಾದಿಂದ ಬಂದ ಬಾಟಲಿಯ ಮೇಲೆ ಕರ್ನಾಟಕ ಸರ್ಕಾರಕ್ಕೆ ಒಂದು ಪೈಸೆಯೂ ಸಂದಿರುವುದಿಲ್ಲ. ಕಿರಾಣಿ ಅಂಗಡಿಯ ಪ್ಯಾಕೆಟ್ಟು ಸನ್ನದು (ಲೈಸೆನ್ಸ್) ಪಡೆದ ಅಂಗಡಿಯಿಂದಲೇ ಬಂದಿದ್ದರೆ, ಅದರ ಸುಂಕ ನಿಮ್ಮೂರಿಗೆ ತಲುಪುವ ಬಹಳ ಮೊದಲೇ ಪೂರ್ತಿಯಾಗಿ ಬೊಕ್ಕಸ ಸೇರಿರುತ್ತದೆ. ಸರ್ಕಾರ ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲವಾಗಿದೆ ಎಂಬುದು ಈ ವ್ಯತ್ಯಾಸ ತಿಳಿದ ಮೇಲೆಯೇ ಅರ್ಥವಾಗುವುದರಿಂದ ಅದನ್ನೇ ಮೊದಲು ವಿವರಿಸುತ್ತೇನೆ.

ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 8ನೆಯ ನಮೂದು ಮದ್ಯದ ತಯಾರಿಕೆ, ಸಾಗಣೆ, ಮಾರಾಟಗಳ ನಿಯಂತ್ರಣವನ್ನೂ, 51ನೆಯ ನಮೂದು ಅದರ ಮೇಲೆ ಅಬಕಾರಿ ಸುಂಕ ಹಾಕುವ ಅಧಿಕಾರವನ್ನೂ ರಾಜ್ಯಗಳಿಗೆ ಕೊಟ್ಟಿವೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಲೂ ಕುಡಿಯುವ ಮದ್ಯವನ್ನು ಅದರ ಹೊರಗೆ ಇಡಲಾಯಿತು. ಹೀಗಾಗಿ ಸಾಬೂನು, ಬಟ್ಟೆ, ಸಿಮೆಂಟುಗಳ ತೆರಿಗೆ ದರ ಹುಬ್ಬಳ್ಳಿಯಲ್ಲೂ ಪಣಜಿಯಲ್ಲೂ ಒಂದೇ ಆಗಿದ್ದರೆ, ಮದ್ಯದ ದರ ಮಾತ್ರ ರಾಜ್ಯದ ಗಡಿ ದಾಟಿದೊಡನೆ ಬದಲಾಗುತ್ತದೆ. ವಾಣಿಜ್ಯ ತೆರಿಗೆಯ ಗಡಿ ಠಾಣೆಗಳು ಇಲ್ಲವಾದ ಮೇಲೂ ಗೋವಾ ಗಡಿಯ ಅನಮೋಡ, ಮಾಜಾಳಿಗಳಲ್ಲಿ ಅಬಕಾರಿ ಚೆಕ್‌ಪೋಸ್ಟ್‌ಗಳು ಉಳಿದಿರುವುದಕ್ಕೆ ಕಾರಣ ಇದೇ.

ನಮ್ಮ ರಾಜ್ಯದಲ್ಲಿ ಈ ಸುಂಕವನ್ನು ಬಾಟಲಿ ಮಾರಾಟವಾದ ಮೇಲೆ ಅಂಗಡಿಯವರ ಲೆಕ್ಕಪುಸ್ತಕ ನೋಡಿ ವಸೂಲು ಮಾಡುವುದಿಲ್ಲ. ಡಿಸ್ಟಿಲರಿಯಲ್ಲಿ ತಯಾರಾದ ಮದ್ಯ ಅಬಕಾರಿ ಅಧಿಕಾರಿಗಳ ನಿಗಾದಲ್ಲಿ ಬಾಟಲಿ ಸೇರಿ, ಮುಚ್ಚಳದ ಮೇಲೆ ಇಲಾಖೆಯ ಭದ್ರತಾ ಚೀಟಿ ಅಂಟಿಸಿಕೊಂಡು, ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋಗೆ ಬರುತ್ತದೆ. ಸನ್ನದುದಾರರು ಹಣ ಮುಂಗಡವಾಗಿ ಕಟ್ಟಿ ಅಲ್ಲಿಂದ ಮಾಲು ಎತ್ತಬೇಕು. ಡಿಪೋದ ಬಾಗಿಲು ದಾಟುವಷ್ಟರಲ್ಲಿ ಸರ್ಕಾರದ ಪಾಲು ಸಂದಾಯವಾಗಿರುತ್ತದೆ. ಅಂಗಡಿಯವರು ಅದನ್ನು ಯಾರಿಗೆ, ಯಾವಾಗ, ಎಷ್ಟಕ್ಕೆ ಮಾರಿದರು ಎಂಬುದರಿಂದ ಆ ಮೊತ್ತ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ಈ ವ್ಯವಸ್ಥೆ ಮೊದಲಿನಿಂದ ಇದ್ದದ್ದಲ್ಲ. 2003ಕ್ಕಿಂತ ಮುಂಚೆ ಸಗಟು ವಿತರಣೆ ಖಾಸಗಿಯವರ ಕೈಯಲ್ಲಿತ್ತು. ಹಳ್ಳಿಗಳ ಸಾರಾಯಿ ವ್ಯಾಪಾರವನ್ನು ಹರಾಜಿನಲ್ಲಿ ಗುತ್ತಿಗೆದಾರರು ಹಿಡಿಯುತ್ತಿದ್ದರು. ಆ ಕಾಲವನ್ನು ಕಂಡವರಿಗೆ ‘ಸೆಕೆಂಡ್ಸ್’ ಎಂಬ ಮಾತು ಹೊಸದಲ್ಲ: ಒಂದೇ ಡಿಸ್ಟಿಲರಿಯಲ್ಲಿ, ಒಂದೇ ಲೇಬಲ್ಲಿನಲ್ಲಿ ತಯಾರಾದ ಸರಕಿನಲ್ಲಿ ಒಂದಷ್ಟು ಸುಂಕ ಕಟ್ಟಿ ಮುಂಬಾಗಿಲಿನಿಂದ ಹೋಗುತ್ತಿತ್ತು, ಉಳಿದದ್ದು ಯಾವ ಲೆಕ್ಕಕ್ಕೂ ಸಿಗದೆ ಹಿಂಬಾಗಿಲಿನಿಂದ ಹೊರಬೀಳುತ್ತಿತ್ತು. ತಯಾರಕ, ಸಗಟು ವಿತರಕ, ಚಿಲ್ಲರೆ ವ್ಯಾಪಾರಿ ಮೂವರೂ ಒಂದೇ ಕೂಟದವರಾಗಿದ್ದಲ್ಲಿ ಅದನ್ನು ಹಿಡಿಯುವ ದಾರಿಯೇ ಇರಲಿಲ್ಲ. ಎಸ್.ಎಂ. ಕೃಷ್ಣ ಅವರ ಸರ್ಕಾರ 2003ರಲ್ಲಿ ಪಾನೀಯ ನಿಗಮವನ್ನು ಸ್ಥಾಪಿಸಿ ಸಗಟು ವಿತರಣೆಯನ್ನು ಅದೊಂದರ ವಶಕ್ಕೆ ಕೊಟ್ಟಿತು. ಖಾಸಗಿ ತಯಾರಕ ಮತ್ತು ಖಾಸಗಿ ಅಂಗಡಿಯ ನಡುವೆ ಸರ್ಕಾರದ್ದೇ ಆದ ಒಂದು ಕೊಂಡಿ ಬಂದದ್ದರಿಂದ, ತಯಾರಾದದ್ದೆಷ್ಟು, ಡಿಪೋಗೆ ಬಂದದ್ದೆಷ್ಟು, ಅಂಗಡಿಗೆ ಹೋದದ್ದೆಷ್ಟು ಎಂಬ ಮೂರು ಲೆಕ್ಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಸಾಧ್ಯವಾಯಿತು. ಬಳಿಕ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನೇ ನಿಷೇಧಿಸಲಾಯಿತು. 2017-18ರ ಬಜೆಟ್ಟಿನಲ್ಲಿ ಮದ್ಯದ ಮೇಲಿನ ವ್ಯಾಟ್ (ಮಾರಾಟದ ಮೇಲಿನ ತೆರಿಗೆ) ತೆಗೆದು, ತೆರಿಗೆಯ ಭಾರವನ್ನು ಅಬಕಾರಿ ಸುಂಕದ ಮೇಲೆಯೇ ಹಾಕಿದರು. ಬಾರುಗಳು ಮಾರಾಟವನ್ನು ಕಡಿಮೆ ತೋರಿಸಿ ವ್ಯಾಟ್ ಉಳಿಸಿಕೊಳ್ಳುವ ದಾರಿ ಅದರಿಂದ ಮುಚ್ಚಿತು. ತೆರಿಗೆ ತಪ್ಪಿಸುವುದನ್ನು ತಡೆಯಲು ಕರ್ನಾಟಕ ಕೈಗೊಂಡ ಕ್ರಮಗಳಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ಫಲ ಕೊಟ್ಟದ್ದು ಸಗಟು ವಿತರಣೆಯನ್ನು ನಿಗಮಕ್ಕೆ ವಹಿಸಿದ ಈ ಒಂದು ನಿರ್ಧಾರ. ದಾಳಿ, ಜಪ್ತಿಗಳ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಹಣ ಉಳಿದದ್ದು ಹೆಚ್ಚಾಗಿ ಡಿಪೋದ ಲೆಕ್ಕದಲ್ಲಿ.

ಹಾಗಾದರೆ ಈಗ ಸೋರಿಕೆ ಎಲ್ಲಿ ಉಳಿದಿದೆ ಎಂದರೆ, ಈ ಸರಪಳಿಯೊಳಗೆ ಬಾರದೇ ಇರುವ ಮದ್ಯದಲ್ಲಿ. ನಮ್ಮ ಭಾಗದ ಮಟ್ಟಿಗೆ ಅದರ ಮುಖ್ಯ ರೂಪ ಗೋವಾ ಮದ್ಯ. ಅಲ್ಲಿ ಸುಂಕ ಕಡಿಮೆ. ಅನಮೋಡ ಘಟ್ಟ ಹತ್ತಿ ರಾಮನಗರಕ್ಕೆ ಬಂದರೆ ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಅಣ್ಣಿಗೇರಿ, ಗದಗ, ಕೊಪ್ಪಳಗಳ ಮೂಲಕ ಹೊಸಪೇಟೆಯ ಕಡೆಗೆ ಹೆದ್ದಾರಿ ನೇರವಾಗಿದೆ. ಕ್ಯಾಸಲ್‌ರಾಕ್, ಲೋಂಡಾ ಮೂಲಕ ಬರುವ ಕೆಲವು ರೈಲುಗಳೂ ಹುಬ್ಬಳ್ಳಿ, ಗದಗಗಳನ್ನು ಹಾದು ಹೋಗುತ್ತವೆ. ಒಂದು ಲಾರಿಯಲ್ಲಿ ಬೇರೆ ಸರಕಿನ ಕೆಳಗೆ ಪೆಟ್ಟಿಗೆಗಟ್ಟಲೆ ಸಾಗುವ ಮದ್ಯವೂ, ಮದುವೆಗೆಂದು ಕಾರಿನ ಡಿಕ್ಕಿಯಲ್ಲಿ ಬರುವ ನಾಲ್ಕಾರು ಬಾಟಲಿಗಳೂ ಒಂದೇ ದಾರಿ ಹಿಡಿಯುತ್ತವೆ.

ನಿಮ್ಮೂರಿನವರು ಹೇಳುವ ಬಿಲ್ಲಿನ ವಿಚಾರವನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಗೋವಾದ ಅಂಗಡಿಯ ರಸೀದಿ, ಆ ಬಾಟಲಿಯ ಮೇಲೆ ಗೋವಾ ಸರ್ಕಾರಕ್ಕೆ ತೆರಿಗೆ ಸಂದಿದೆ ಎಂಬುದಕ್ಕೆ ಮಾತ್ರ ಪುರಾವೆ. ಬಾಟಲಿಯನ್ನೇ ತಿರುಗಿಸಿ ನೋಡಿದರೆ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂಬ ಒಕ್ಕಣೆ ಮುದ್ರಿತವಾಗಿರುತ್ತದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಹೊರ ರಾಜ್ಯದ ಮದ್ಯವನ್ನು ಒಳಗೆ ತರಲು ಇಲ್ಲಿನ ಅನುಮತಿ ಬೇಕು, ಇಲ್ಲಿನ ಸುಂಕ ಕಟ್ಟಿರಬೇಕು. ಎರಡೂ ಇಲ್ಲದೆ ತಂದವರ ಮೇಲೆ ಸಾಮಾನ್ಯವಾಗಿ 32 ಮತ್ತು 34ನೆಯ ಕಲಂಗಳಡಿ ಪ್ರಕರಣ ದಾಖಲಾಗುತ್ತದೆ. ಜೈಲು ಮತ್ತು ದಂಡ ಎರಡಕ್ಕೂ ಅವಕಾಶವಿದೆ. ಸಾಗಿಸಿದ ವಾಹನವನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಕೆಲವು ಬಾಟಲಿಗಳಿಗಾಗಿ ಬಾಡಿಗೆ ಕಾರನ್ನೇ ಕಳೆದುಕೊಳ್ಳುವ ಅಪಾಯವನ್ನು ಚಾಲಕನ ಮೇಲೆ ಹೊರಿಸುವುದು ಅನ್ಯಾಯ ಎಂಬುದನ್ನು ಮದುವೆ ಮನೆಯವರು ಯೋಚಿಸಬೇಕು. ಸಮಾರಂಭದಲ್ಲಿ ಮದ್ಯ ಇರಲೇಬೇಕು ಎನ್ನುವವರಿಗೆ ಇಲಾಖೆಯಿಂದ ಸಾಂದರ್ಭಿಕ ಸನ್ನದು ಪಡೆಯುವ ಕ್ರಮವಿದೆ.

ಆದರೆ ಚೆಕ್‌ಪೋಸ್ಟ್‌ಗಳಿಂದ ಮಾತ್ರ ಈ ಸಾಗಾಟ ನಿಲ್ಲುವುದಿಲ್ಲ. ಪಕ್ಕದ ರಾಜ್ಯದ ಬೆಲೆಗೂ ನಮ್ಮ ಬೆಲೆಗೂ ಅಂತರ ದೊಡ್ಡದಾದಷ್ಟು ಕಳ್ಳಸಾಗಾಟದ ಲಾಭ ಹೆಚ್ಚುತ್ತದೆ, ಲಾಭ ಹೆಚ್ಚಿದಷ್ಟು ಹೊಸ ದಾರಿಗಳು ಹುಟ್ಟುತ್ತವೆ. ಇದಕ್ಕೆ ಕರ್ನಾಟಕವೇ ಎರಡೂ ಬದಿಯ ಉದಾಹರಣೆ. ಗೋವಾದ ಎದುರು ನಾವು ಕಳೆದುಕೊಳ್ಳುವವರು. 2019ರಿಂದ 2024ರವರೆಗೆ ಆಂಧ್ರಪ್ರದೇಶದಲ್ಲಿ ಮದ್ಯದ ಬೆಲೆ ವಿಪರೀತ ಏರಿದ್ದಾಗ ನಮ್ಮದೇ ಟೆಟ್ರಾ ಪ್ಯಾಕೆಟ್ಟುಗಳು ಗಡಿ ಜಿಲ್ಲೆಗಳಿಂದ ಆ ಕಡೆಗೆ ಕಳ್ಳದಾರಿಯಲ್ಲಿ ಹರಿದವು, ಆಗ ಕಳೆದುಕೊಂಡವರು ಅವರು. 2024ರ ಅಕ್ಟೋಬರ್‌ನಲ್ಲಿ ಆಂಧ್ರದ ಹೊಸ ಸರ್ಕಾರ 180 ಮಿಲಿಲೀಟರಿನ ಮದ್ಯವನ್ನು 99 ರೂಪಾಯಿಗೆ ಸಿಗುವಂತೆ ಮಾಡಿದ್ದರ ಹಿಂದೆ ಈ ಲೆಕ್ಕಾಚಾರವೂ ಇತ್ತು.

ಇಲ್ಲಿಯೂ ಸರ್ಕಾರ ಆ ಪಾಠವನ್ನು ತಡವಾಗಿ ಕಲಿಯಿತು. 2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ 18 ಸ್ಲ್ಯಾಬುಗಳಿಗೂ, ಅಂದರೆ ಬೆಲೆಯ ಹಂತಗಳಿಗೂ, ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20ರಷ್ಟು ಏರಿಸಲಾಯಿತು. ಬಿಯರಿನ ಸುಂಕ ಶೇ 175ರಿಂದ ಶೇ 185ಕ್ಕೆ ಹೋಯಿತು. ಆ ವರ್ಷ ನಿಗದಿ ಮಾಡಿದ್ದ 36,000 ಕೋಟಿ ರೂಪಾಯಿಯ ಗುರಿ ಮುಟ್ಟಲಿಲ್ಲ. ಅದರ ಮುಂದಿನ ಬಜೆಟ್ಟಿನಲ್ಲಿ ನೆರೆ ರಾಜ್ಯಗಳ ದರಕ್ಕೆ ಹೊಂದುವಂತೆ ಸ್ಲ್ಯಾಬುಗಳನ್ನು ಪರಿಷ್ಕರಿಸುವುದಾಗಿ ಘೋಷಿಸಿ, 2024ರ ಆಗಸ್ಟ್‌ನಲ್ಲಿ 18 ಸ್ಲ್ಯಾಬುಗಳನ್ನು 16ಕ್ಕೆ ಇಳಿಸಿದರು. ದುಬಾರಿ ಮದ್ಯದ ಬೆಲೆ ಕಡಿಮೆಯಾಯಿತು. ಶ್ರೀಮಂತರ ಮದ್ಯಕ್ಕೆ ರಿಯಾಯಿತಿ, ಬಡವರ ಪ್ಯಾಕೆಟ್ಟಿಗೆ ಬರೆ ಎಂದು ಆಗ ಟೀಕೆ ಬಂತು. ಆ ಟೀಕೆಯಲ್ಲಿ ನ್ಯಾಯವಿದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಗೋವಾದಿಂದಲೋ ಮಹಾರಾಷ್ಟ್ರದಿಂದಲೋ ಕದ್ದು ತರುವುದು ಹೆಚ್ಚು ಲಾಭ ತರುವ ದುಬಾರಿ ಮದ್ಯವನ್ನೇ ಆದ್ದರಿಂದ, ಅಲ್ಲಿ ಅಂತರ ತಗ್ಗಿಸಿದ್ದು ಸೋರಿಕೆ ತಡೆಯುವ ಕ್ರಮವೂ ಹೌದು. ನೀವು ಕೇಳಿದಂತೆ ಸರ್ಕಾರ ದರ ಏರಿಸುವುದನ್ನು ಮಾತ್ರ ಮಾಡಿಲ್ಲ. ಎಲ್ಲಿ ಇಳಿಸಿದರೆ ಹೆಚ್ಚು ಬರುತ್ತದೆ ಎಂಬುದನ್ನೂ ನೋಡಿದೆ.

ಸ್ಲ್ಯಾಬಿನ ಮಾತು ಬಂದದ್ದರಿಂದ, ಕಾನೂನಿನ ಒಳಗೇ ಇದ್ದುಕೊಂಡು ತೆರಿಗೆ ಉಳಿಸುವ ಬಗೆಯನ್ನೂ ಹೇಳಬೇಕು. ಪತ್ರಿಕೆಗಳಲ್ಲಿ ಇದರ ಚರ್ಚೆ ಕಡಿಮೆ. ಕರ್ನಾಟಕದ 2024ರ ಸ್ಲ್ಯಾಬು ಪದ್ಧತಿಯಲ್ಲಿ ತಯಾರಕರು ತಮ್ಮ ಮದ್ಯದ ಒಂದು ಪೆಟ್ಟಿಗೆಗೆ, ಅಂದರೆ 180 ಮಿಲಿಲೀಟರಿನ 48 ಕ್ವಾರ್ಟರುಗಳ 8.64 ಲೀಟರಿಗೆ, ತಾವೇ ಒಂದು ದರ ಘೋಷಿಸುತ್ತಾರೆ. ಆ ದರ ಯಾವ ಸ್ಲ್ಯಾಬಿನಲ್ಲಿ ಬೀಳುತ್ತದೆಯೋ ಅದರಂತೆ ಹೆಚ್ಚುವರಿ ಸುಂಕ ನಿಗದಿಯಾಗುತ್ತದೆ. ಒಂದು ಸ್ಲ್ಯಾಬು 500 ರೂಪಾಯಿಗೆ ಮುಗಿಯುತ್ತದೆ ಎಂದು ತಿಳಿಯಲು ಸುಲಭವಾಗುವಂತೆ ಊಹಿಸಿಕೊಳ್ಳಿ. 510 ಎಂದು ಘೋಷಿಸಬೇಕಾದ ಕಂಪನಿ 499 ಎಂದು ಘೋಷಿಸಿದರೆ ಅದು ಬಿಟ್ಟುಕೊಡುವುದು ಪೆಟ್ಟಿಗೆಗೆ 11 ರೂಪಾಯಿ. ಮೇಲಿನ ಸ್ಲ್ಯಾಬಿಗೆ ಏರದೆ ಉಳಿಯುವ ಸುಂಕ ಅದಕ್ಕಿಂತ ಎಷ್ಟೋ ಹೆಚ್ಚು. ಇದರಲ್ಲಿ ಅಪರಾಧವಿಲ್ಲ, ಯಾವ ಅಧಿಕಾರಿಯೂ ದಾಳಿ ಮಾಡುವಂತಿಲ್ಲ. ಸ್ಲ್ಯಾಬುಗಳು ಹೆಚ್ಚಾದಷ್ಟು ಇಂಥ ಅಂಚುಗಳೂ ಹೆಚ್ಚು. ಹಾಗಾಗಿ ಅವುಗಳ ಸಂಖ್ಯೆ ಇಳಿಸುವುದು ಕೇವಲ ಕಚೇರಿಯ ಅನುಕೂಲಕ್ಕಾಗಿ ಮಾಡುವ ಕೆಲಸವಲ್ಲ.

ಬೆಲೆಯ ಬದಲು ಮದ್ಯಸಾರದ ಪ್ರಮಾಣದ ಮೇಲೆ ಸುಂಕ ಹಾಕಬೇಕು ಎಂದು ಅರ್ಥಶಾಸ್ತ್ರಜ್ಞರೂ ಆರೋಗ್ಯ ತಜ್ಞರೂ ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಘೋಷಿತ ದರವನ್ನು ಹಿಂದೆ ಮುಂದೆ ಮಾಡಬಹುದು, ಬಾಟಲಿಯೊಳಗಿನ ಮದ್ಯಸಾರವನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. 2025ರ ಜನವರಿಯಲ್ಲಿ ಬಿಯರಿನ ಮೂಲ ಸುಂಕವನ್ನು ಶೇ 5ರ ಒಳಗಿನ ಮತ್ತು ಅದಕ್ಕಿಂತ ಕಡುವಾದ ಬಿಯರ್ ಎಂದು ಬೇರೆ ಬೇರೆ ಮಾಡಿದ್ದು ಆ ದಿಕ್ಕಿನಲ್ಲಿ ಒಂದು ಹೆಜ್ಜೆ. ಆದರೆ ಅಲ್ಲಿಯೂ ಅಂಚು ಇದ್ದೇ ಇರುತ್ತದೆ. ಬ್ರಿಟನ್ 2023ರ ಆಗಸ್ಟ್ 1ರಂದು ಮದ್ಯಸಾರ ಆಧರಿಸಿದ ಸುಂಕ ಜಾರಿಗೆ ತಂದು, ಶೇ 3.5ಕ್ಕಿಂತ ಕೆಳಗಿನ ಬಿಯರಿಗೆ ಕಡಿಮೆ ದರ ಇಟ್ಟಾಗ, ಅಲ್ಲಿನ ಹಲವು ತಯಾರಕರು ತಮ್ಮ ಬಿಯರನ್ನು ಶೇ 3.4ಕ್ಕೆ ಇಳಿಸಿದರು. ಸರ್ಕಾರಕ್ಕೆ ಸುಂಕ ಕಡಿಮೆಯಾಯಿತು, ಕುಡಿಯುವವರ ಹೊಟ್ಟೆಗೆ ಮದ್ಯಸಾರವೂ ಕಡಿಮೆ ಹೋಯಿತು. ಬೆಲೆಯ ಅಂಚಿನಲ್ಲಿ ನಡೆಯುವ ಆಟಕ್ಕಿಂತ ಇದು ನನಗೆ ಎಷ್ಟೋ ಮೇಲು ಎನಿಸುತ್ತದೆ. ಏಕೆಂದರೆ ಅಲ್ಲಿ ತೆರಿಗೆ ಉಳಿಸಲು ಮಾಡಿದ ಕೆಲಸದಿಂದ ಜನರಿಗೂ ಒಂದಿಷ್ಟು ಒಳಿತಾಯಿತು.

ಇನ್ನು ಕಳ್ಳಭಟ್ಟಿ ಮತ್ತು ಕೈಗಾರಿಕಾ ಮದ್ಯಸಾರದ ವಿಷಯ. ಇಲ್ಲಿ ತೆರಿಗೆಯ ನಷ್ಟಕ್ಕಿಂತ ಜೀವದ ನಷ್ಟ ದೊಡ್ಡದು. ಬಣ್ಣ, ಔಷಧ, ರಾಸಾಯನಿಕ ಉದ್ಯಮಗಳಿಗೆ ಹೋಗುವ ಸ್ಪಿರಿಟ್ಟಿಗೆ ಕುಡಿಯುವ ಮದ್ಯದ ಸುಂಕವಿಲ್ಲ. ಆ ವ್ಯತ್ಯಾಸವೇ ಅದನ್ನು ಅಡ್ಡದಾರಿಗೆ ಎಳೆಯುತ್ತದೆ. ಹಾಗೆ ಎಳೆದದ್ದರಲ್ಲಿ ವಿಷಕಾರಿಯಾದ ಮಿಥನಾಲ್ ಬೆರೆತಿದ್ದರೆ ಕುಡಿದವರ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತದ್ದು ಹೀಗೆಯೇ. ಸಾರಾಯಿ ನಿಷೇಧವಾದ ಮರುವರ್ಷ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ನೂರಾರು ಕೂಲಿಕಾರರ ಮನೆಗಳು ಹೀಗೆಯೇ ಅನಾಥವಾದವು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಮತ್ತೆ ಅದೇ ಆಯಿತು. ಕೈಗಾರಿಕಾ ಮದ್ಯಸಾರದ ಮೇಲೆ ರಾಜ್ಯಗಳಿಗೆ ಹಿಡಿತವಿಲ್ಲ ಎಂದು 1990ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. 2024ರ ಅಕ್ಟೋಬರ್ 23ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 8:1ರ ಬಹುಮತದಿಂದ ಅದನ್ನು ತಳ್ಳಿಹಾಕಿ, ಅದೂ ರಾಜ್ಯಗಳ ನಿಯಂತ್ರಣಕ್ಕೆ ಒಳಪಟ್ಟದ್ದು ಎಂದು ತೀರ್ಪು ನೀಡಿತು. ಕುಡಿಯುವ ಮದ್ಯ ತಯಾರಿಸಲು ಬಳಸುವ ಶುದ್ಧ ಮದ್ಯಸಾರವನ್ನು ಜಿಎಸ್‌ಟಿಯಿಂದ ಹೊರಗಿಡುವ ತಿದ್ದುಪಡಿಯೂ ಅದೇ ವರ್ಷ ಆಯಿತು. ಟ್ಯಾಂಕರ್ ಎಲ್ಲಿ ಹೊರಟಿತು, ಎಲ್ಲಿ ಖಾಲಿಯಾಯಿತು ಎಂದು ಕೇಳುವ ಅಧಿಕಾರದ ಬಗ್ಗೆ ರಾಜ್ಯಗಳಿಗೆ ಈಗ ಅನುಮಾನ ಉಳಿದಿಲ್ಲ. ಆ ಅಧಿಕಾರವನ್ನು ನಿಷ್ಠೆಯಿಂದ ಬಳಸಬೇಕೆಂಬುದೇ ನನ್ನ ಕಳಕಳಿ.

ಈಗ ನಿಮ್ಮೂರಿನ ಕಿರಾಣಿ ಅಂಗಡಿಗೆ ಬರೋಣ. ಅಲ್ಲಿ ಸರ್ಕಾರಕ್ಕೆ ಸುಂಕ ನಷ್ಟವಾಗಿಲ್ಲ ಎಂದೆ. ಆ ವ್ಯಾಪಾರ ದಶಕಗಳಿಂದ ನಿಲ್ಲದಿರುವುದಕ್ಕೆ ಒಂದು ಕಾರಣ ಅಲ್ಲಿಯೇ ಇದೆ ಎಂದು ನಾನು ನೇರವಾಗಿ ಹೇಳುತ್ತೇನೆ. ಗೋವಾ ಬಾಟಲಿ ಹಿಡಿದರೆ ಇಲಾಖೆಯ ವರಮಾನ ಉಳಿಯುತ್ತದೆ. ಹಳ್ಳಿಯ ಪ್ಯಾಕೆಟ್ಟು ನಿಲ್ಲಿಸಿದರೆ ಪಕ್ಕದ ಊರಿನ ಸನ್ನದುದಾರರು ಡಿಪೋದಿಂದ ಎತ್ತುವ ಮಾಲು ಕಡಿಮೆಯಾಗುತ್ತದೆ, ವರಮಾನವೂ ಕಡಿಮೆಯಾಗುತ್ತದೆ. 2025-26ನೆಯ ಸಾಲಿಗೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹಿಸುವ ಗುರಿ ಇಟ್ಟ ರಾಜ್ಯದಲ್ಲಿ, ವರಮಾನ ತರುವ ಹೊಣೆಯನ್ನೂ ಅಕ್ರಮ ಮಾರಾಟ ತಡೆಯುವ ಹೊಣೆಯನ್ನೂ ಒಂದೇ ಇಲಾಖೆಯ ಮೇಲೆ ಹಾಕಿದರೆ ಯಾವುದು ಹಿಂದೆ ಬೀಳುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದ ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು ಮದ್ಯ ನಿಷೇಧವನ್ನು ಕೇಳಿದ್ದು, ಮನೆ ಬಾಗಿಲಿಗೇ ಬಂದಿರುವ ಈ ಮಾರಾಟದ ಬೇನೆ ತಾಳಲಾರದೆ. ಸಂವಿಧಾನದ 47ನೆಯ ವಿಧಿ ಜನರ ಆರೋಗ್ಯವನ್ನು ಸರ್ಕಾರದ ಪ್ರಥಮ ಕರ್ತವ್ಯಗಳಲ್ಲಿ ಒಂದೆಂದು ಹೇಳುತ್ತದೆ. ಮದ್ಯ ಮಾರುವುದು ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 1995ರ ಸುಮಾರಿಗೇ ಸ್ಪಷ್ಟಪಡಿಸಿದೆ. ಸುಂಕ ಸಂದಿದೆ ಎಂಬ ಕಾರಣಕ್ಕೆ ಸನ್ನದಿಲ್ಲದ ಮಾರಾಟವನ್ನು ಸಣ್ಣ ತಪ್ಪೆಂದು ನೋಡುವುದು ಸಲ್ಲದು.

ಪಂಚಾಯಿತಿಯಿಂದ ಮಾಡಬಹುದಾದ ಕೆಲಸವೂ ಈ ವ್ಯತ್ಯಾಸದ ಮೇಲೆಯೇ ನಿಂತಿದೆ. ಊರಿನಲ್ಲಿ ಅಕ್ರಮ ಮದ್ಯ ಮಾರುತ್ತಿದ್ದಾರೆ ಎಂಬ ಒಂದು ಸಾಲಿನ ದೂರು ಕಡತದಲ್ಲಿ ಉಳಿದುಬಿಡುತ್ತದೆ. ಬಿಸಾಡಿದ ಪ್ಯಾಕೆಟ್ಟುಗಳನ್ನು ನೋಡಿ ಅವುಗಳ ಮೇಲಿನ ಬ್ಯಾಚ್ ಸಂಖ್ಯೆ, ತಯಾರಿಕೆಯ ತಿಂಗಳು, ಮುದ್ರಿತ ಬೆಲೆ ಬರೆದುಕೊಳ್ಳಿ. ಯಾವ ಬ್ಯಾಚಿನ ಮಾಲು ಯಾವ ಅಂಗಡಿಗೆ ಹೋಯಿತು ಎಂದು ನಿಗಮದ ಲೆಕ್ಕದಿಂದ ಹುಡುಕಲು ಅದು ಆಧಾರವಾಗುತ್ತದೆ. ಕಿರಾಣಿ ಅಂಗಡಿಯವರ ಮೇಲೆ ಪ್ರಕರಣ ಹಾಕಿದರೆ ವಾರದೊಳಗೆ ಮತ್ತೊಬ್ಬರು ಶುರು ಮಾಡುತ್ತಾರೆ. ಪೂರೈಸಿದ ಸನ್ನದುದಾರರ ಸನ್ನದಿನ ಮೇಲೆ ಕ್ರಮವಾದರೆ ಮಾತ್ರ ಆ ದಾರಿ ನಿಲ್ಲುತ್ತದೆ. ಆದ್ದರಿಂದ ಗ್ರಾಮಸಭೆಯಲ್ಲಿ ಠರಾವು ಮಾಡುವಾಗ ಪೂರೈಕೆಯ ಮೂಲವನ್ನು ಪತ್ತೆ ಹಚ್ಚಬೇಕೆಂದು ಸ್ಪಷ್ಟವಾಗಿ ಬರೆಸಿ, ಪ್ರತಿಯನ್ನು ತಾಲೂಕಿನ ಅಬಕಾರಿ ನಿರೀಕ್ಷಕರಿಗೂ ಗದಗಿನ ಅಬಕಾರಿ ಉಪ ಆಯುಕ್ತರಿಗೂ ಜಿಲ್ಲಾಧಿಕಾರಿಗಳಿಗೂ ಕಳಿಸಿ, ಸ್ವೀಕೃತಿ ಪಡೆಯಿರಿ. ಅಂಗಡಿಯ ಮುಂದೆಯೇ ಕುಡಿಯಲು ಬಿಡುತ್ತಿದ್ದರೆ ಅದನ್ನು ಪ್ರತ್ಯೇಕವಾಗಿ ನಮೂದಿಸಿ. ಅದಕ್ಕೆ ಕಾಯ್ದೆಯ 15ಎ ಮತ್ತು 32(3)ನೆಯ ಕಲಂಗಳು ಅನ್ವಯಿಸುತ್ತವೆ, ಪೊಲೀಸರೂ ಪ್ರಕರಣ ದಾಖಲಿಸಬಹುದು. ಮುಚ್ಚಳದ ಮೇಲೆ ಇಲಾಖೆಯ ಚೀಟಿ ಇಲ್ಲದ ಅಥವಾ ಕಿತ್ತು ಮತ್ತೆ ಅಂಟಿಸಿದಂತೆ ಕಾಣುವ ಬಾಟಲಿ ಎಲ್ಲಾದರೂ ಕಂಡರೆ ಮಾತ್ರ ಠರಾವಿಗಾಗಿ ಕಾಯಬೇಡಿ. ಅದರೊಳಗೆ ಏನಿದೆ ಎಂಬುದಕ್ಕೆ ಯಾರೂ ಹೊಣೆಯಲ್ಲ, ಆ ದಿನವೇ ತಿಳಿಸಿ.